ವಾರಂಟ್ ಇಲ್ಲದೆ ಪೊಲೀಸರು ಮನೆಗೆ ನುಗ್ಗಿ ಬೀರು ತೆಗೆಸಬಹುದಾ?

ತುಂಗಾತೀರ:
ನಿನ್ನೆ ರಾತ್ರಿ ಹತ್ತೂವರೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಮನೆಗೆ ಬಂದರು. ತಮ್ಮನ ಗೆಳೆಯನ ಮೇಲೆ ಕಳ್ಳತನದ ಕೇಸ್ ಇದೆಯಂತೆ. ತಮ್ಮ ಊರಲ್ಲಿಲ್ಲ, ಮನೆಯಲ್ಲಿದ್ದದ್ದು ನಾನು, ಅಮ್ಮ ಇಬ್ಬರೇ. ವಾರಂಟ್ ಕೇಳಿದರೆ "ಅದೆಲ್ಲ ಬೇಕಾಗಿಲ್ಲ" ಅಂದರು. ಬೀರು ತೆಗೆಸಿ, ಅಮ್ಮನ ಸೀರೆಗಳನ್ನೆಲ್ಲ ನೆಲಕ್ಕೆ ಎಳೆದು ಹಾಕಿ, ತಮ್ಮನ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದರು. ಒಂದು ಚೀಟಿ ಕೂಡ ಕೊಡಲಿಲ್ಲ. ನಾಳೆ ಅಮ್ಮ ಠಾಣೆಗೆ ಬರಬೇಕಂತೆ. ಇದು ಸರಿಯಾ?

ಕೋರ್ಟ್ ರಸ್ತೆ ವಕೀಲ:
ವಾರಂಟ್ ಇಲ್ಲದೆ ಬರಬಹುದು, ಆದರೆ ಹೀಗಲ್ಲ. ಹಳೇ ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾನೂನಿನ 185ನೇ ಕಲಂ ಪ್ರಕಾರ, ಯಾವ ವಸ್ತು ಹುಡುಕುತ್ತಿದ್ದೇವೆ, ಯಾಕೆ ತಡ ಮಾಡುವ ಹಾಗಿಲ್ಲ ಅಂತ ತನಿಖಾಧಿಕಾರಿ ಮೊದಲೇ ಬರೆದಿಡಬೇಕು. ತಾನು ಬರಲಾಗದೆ ಕೆಳಗಿನವರನ್ನು ಕಳಿಸಿದರೆ ಅವರ ಕೈಗೆ ಲಿಖಿತ ಆದೇಶ ಕೊಟ್ಟಿರಬೇಕು. ಶೋಧನೆ ಪೂರ್ತಿ ವಿಡಿಯೊ ಆಗಬೇಕು, ನಿಮ್ಮ ಬಡಾವಣೆಯ ಇಬ್ಬರು ಪಂಚರು (ಶೋಧನೆಗೆ ಸಾಕ್ಷಿಗಳು) ಇರಬೇಕು, ಒಯ್ದ ವಸ್ತುಗಳ ಪಟ್ಟಿಗೆ ಅವರ ಸಹಿ ಹಾಕಿಸಿ ಒಂದು ಪ್ರತಿ ನಿಮಗೆ ಕೊಡಬೇಕು. ನಿಮ್ಮ ಮನೆಯಲ್ಲಿ ಇದ್ಯಾವುದೂ ನಡೆದಂತಿಲ್ಲ.

ತನಿಖಾಧಿಕಾರಿ ಕಾರಣಗಳನ್ನು ಬರೆದಿಟ್ಟ ಆ ಕಾಗದದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. ಕೋರ್ಟಿಗೆ ಅರ್ಜಿ ಹಾಕಿ ಅದರ ಪ್ರತಿ ಕೇಳಿ, ದುಡ್ಡಿಲ್ಲದೆ ಕೊಡುತ್ತಾರೆ. ಅಂಥದ್ದೊಂದು ಕಾಗದವೇ ಇಲ್ಲ ಅಂತ ಗೊತ್ತಾದರೆ ನಿಮ್ಮ ದೂರಿಗೆ ಅದೇ ದೊಡ್ಡ ಬಲ. ಲ್ಯಾಪ್‌ಟಾಪ್ ವಾಪಸ್ ಪಡೆಯಲೂ ಅಲ್ಲೇ ಅರ್ಜಿ ಹಾಕಬೇಕು.

ಹಳೇಬಾವಿ:
ರಾತ್ರಿ ಹೊತ್ತು ಮನೆಗೆ ಬರುವ ಹಾಗೇ ಇಲ್ಲ ಅಲ್ವಾ? ಬಾಗಿಲು ಹಾಕಿಕೊಂಡಿದ್ದರೆ ಆಗಿತ್ತು.

ಕೋರ್ಟ್ ರಸ್ತೆ ವಕೀಲ:
ಇಲ್ಲ ಸರ್, ದಯವಿಟ್ಟು ಹಾಗೆ ಹೇಳಬೇಡಿ. ಸೂರ್ಯಾಸ್ತದ ನಂತರದ ನಿರ್ಬಂಧ ಇರುವುದು ಹೆಂಗಸರ ಬಂಧನಕ್ಕೆ, 185ರ ಶೋಧನೆಗಲ್ಲ. ಅಡ್ಡ ನಿಂತರೆ ಕರ್ತವ್ಯಕ್ಕೆ ಅಡ್ಡಿ ಅಂತ ನಿಮ್ಮ ಮೇಲೇ ಕೇಸ್ ಆಗುತ್ತದೆ. ಬಾಯಲ್ಲಿ ವಿರೋಧ ಹೇಳಿ, ಬಂದವರ ಹೆಸರು ಬರೆದುಕೊಳ್ಳಿ, ಪಕ್ಕದ ಮನೆಯವರನ್ನು ಕರೆಯಿರಿ. ರೌಡಿ ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ನೆ ರಾತ್ರಿ ಬಂದು ಕದ ತಟ್ಟುವುದು ಬೇರೆ ವಿಷಯ, ಅದನ್ನು ಸುಪ್ರೀಂ ಕೋರ್ಟ್ ಖರಕ್ ಸಿಂಗ್ ಪ್ರಕರಣದಲ್ಲಿ 1962ರಲ್ಲೇ ತಪ್ಪು ಅಂದಿದೆ.

ಸಂಪಿಗೆ:
ಅಕ್ಕಾ, ಅಮ್ಮನನ್ನು ನಾಳೆ ಕಳಿಸಲೇಬೇಡಿ. ಸಾಕ್ಷಿಯಾಗಿ ಹೆಂಗಸರನ್ನು ವಿಚಾರಿಸಬೇಕಾದರೆ ಅವರಿರುವ ಮನೆಗೇ ಬರಬೇಕು, ಅದೇ ಬಿಎನ್‌ಎಸ್‌ಎಸ್‌ನ 179ನೇ ಕಲಂನಲ್ಲಿದೆ. ನಮ್ಮ ಅತ್ತೆಗೂ ಹೀಗೇ ಫೋನ್ ಬಂದಿತ್ತು. ಲಿಖಿತ ನೋಟಿಸ್ ಕೊಡಿ, ಮನೆಯಲ್ಲೇ ಹೇಳಿಕೆ ಕೊಡುತ್ತಾರೆ ಅಂದೆವು, ಮಾರನೇ ದಿನ ಅವರೇ ಬಂದು ಬರೆದುಕೊಂಡು ಹೋದರು. ಲ್ಯಾಪ್‌ಟಾಪ್ ವಿಷಯವನ್ನು ಇವತ್ತೇ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟಲ್ಲಿ ಬರೆದು ಹಾಕಿ. ಮಾಡೆಲ್, ಸೀರಿಯಲ್ ನಂಬರ್ ಬಿಡಬೇಡಿ, ಡಬ್ಬದ ಮೇಲೆ ಇರುತ್ತದೆ.