ಪದಚರ್ಚೆ: ಏಲಿಯನ್‌ಗಳು ‘ಬಂದ್ರು’ ಅನ್ಬೇಕಾ ‘ಬಂದ್ವು’ ಅನ್ಬೇಕಾ?

ಎಲ್ರಿಗೂ ನಮಸ್ಕಾರ. ಹದಿಹರೆಯದ ಓದುಗರಿಗೆ ಅಂತ ಒಂದು ಕಾದಂಬರಿ ಬರೀತಾ ಇದೀನಿ. ಬೇರೆ ಗ್ರಹದಿಂದ ಬಂದವರು ಭೂಮಿನ ಹಿಡ್ಕೊಂಡ್ಮೇಲೆ ಅಲ್ಲಿ ಇಲ್ಲಿ ಉಳಿದಿರೋ ನಾಲ್ಕು ಮಕ್ಕಳು ಜೀವ ಹೆಂಗೆ ಕಾಪಾಡ್ಕೋತಾರೆ ಅನ್ನೋ ಕತೆ, ಹೇಳೋಳು 16 ವರ್ಷದ ಹುಡುಗಿ. ಈಗ ಈ ವಾಕ್ಯದಲ್ಲೇ ‘ಬಂದವರು’ ಅಂತ ಬರೆದೆ, ‘ಬಂದಂಥವು’ ಅಂತಾನೂ ಬರೀಬಹುದಿತ್ತು. ನನ್ನ ಪ್ರಶ್ನೆ ಪೂರ್ತಿ ಇದರ ಸುತ್ತಾನೇ ಇದೆ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಇಂಗ್ಲಿಷಲ್ಲಿ ಬಹುವಚನಕ್ಕೆ ‘ದೇ’ ಅಂದ್ರೆ ಮುಗೀತು, ಜನಾನೂ ಅದೇ, ನಾಯಿಗಳೂ ಅದೇ, ಕಲ್ಲುಗಳೂ ಅದೇ. ನಮ್ಮಲ್ಲಿ ಹಂಗಾಗಲ್ಲ, ಕ್ರಿಯಾಪದದ ಕೊನೇಲಿ ಬಂದೋರು ಮನುಷ್ಯರ ಲೆಕ್ಕಕ್ಕೆ ಸೇರಿದೋರಾ ಇಲ್ವಾ ಅಂತ ಹೇಳ್ಲೇಬೇಕು, ‘ಬಂದ್ರು’ ಇಲ್ಲ ‘ಬಂದ್ವು’. 1898ರಲ್ಲಿ ಎಚ್. ಜಿ. ವೆಲ್ಸ್ ಬರೆದ ಮಂಗಳ ಗ್ರಹದ ದಾಳಿ ಥರದ ಕತೆ ಆದ್ರೆ ಇದು ತೊಂದ್ರೆನೇ ಅಲ್ಲ, ಮೂರು ಕಾಲಿನ ಯಂತ್ರದೊಳಗೆ ಕೂತಿರೋ ಪ್ರಾಣಿಗಳು, ನೋಡಿದ ತಕ್ಷಣ ಗೊತ್ತಾಗುತ್ತೆ, ‘ಅವು’ ಅಂದ್ರೆ ಸಾಕು. ಆದ್ರೆ ಮಕ್ಕಳ ಕತೆಗಳಲ್ಲಿ ಇನ್ನೊಂದು ಜಾತಿ ಇದೆಯಲ್ಲ, ಮನುಷ್ಯರ ಮೈಯೊಳಗೆ ಹೊಕ್ಕು ಕೂರೋದು. 1996ರಲ್ಲಿ ಶುರುವಾದ ‘ಅನಿಮಾರ್ಫ್ಸ್’ ಸರಣಿಲಿ ಯೀರ್ಕ್ ಅನ್ನೋ ಹುಳು ಕಿವಿಯಿಂದ ಒಳಗೆ ಹೋಗಿ ಮಿದುಳಿಗೆ ಸುತ್ಕೊಳ್ಳುತ್ತೆ, ಮೂರು ದಿನಕ್ಕೊಮ್ಮೆ ಹೊರಗೆ ಬಂದು ಅದರ ಕೊಳಕ್ಕೆ ಇಳೀದೇ ಇದ್ರೆ ಸಾಯುತ್ತೆ, ಅಷ್ಟು ಬಿಟ್ರೆ ಹೊರಗಿಂದ ನೋಡೋರಿಗೆ ಏನೂ ಗೊತ್ತಾಗಲ್ಲ. ನನ್ನ ಕತೇಲಿ ಹುಳು ಇಲ್ಲ, ಆದ್ರೆ ಭಯ ಅದೇ ಜಾತಿದು, ಎದುರಿಗೆ ನಿಂತಿರೋದು ಅಪ್ಪಾನೋ ಅಪ್ಪನ ಮೈಯಲ್ಲಿರೋ ಇನ್ಯಾವುದೋ ಅನ್ನೋದು ಗೊತ್ತಾಗದೇ ಇರೋದು. ಅಂಥ ಕಡೆ ‘ಬಂದ’ ಅಂದ್ರೂ ಗುಟ್ಟು ಬಿಟ್ಟುಕೊಟ್ಟ ಹಾಗೆ, ‘ಬಂತು’ ಅಂದ್ರೂ ಬಿಟ್ಟುಕೊಟ್ಟ ಹಾಗೆ.

ಹೆಸರಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ‘ಅನ್ಯಗ್ರಹಜೀವಿ’ ಅಂತ ಶುರು ಮಾಡಿದ್ರೆ ‘ಜೀವಿಗಳು ಬಂದವು’ ಅಂತಾನೇ ಹೋಗುತ್ತೆ, ‘ಅನ್ಯಗ್ರಹವಾಸಿ’ ಅಂದ್ರೆ ‘ವಾಸಿಗಳು ಬಂದರು’ ಅಂತ ಬರುತ್ತೆ, ಅಂದ್ರೆ ನಾಮಪದ ಆರಿಸಿದಾಗಲೇ ಅರ್ಧ ತೀರ್ಮಾನ ಆಗ್ಹೋಗಿರುತ್ತೆ. ಎರಡೂ ಪತ್ರಿಕೆ ಭಾಷೆಗೆ ಸರಿ, ಆದ್ರೆ ಕತ್ತಲಲ್ಲಿ ಓಡ್ತಿರೋ ಹುಡುಗಿ ‘ಅನ್ಯಗ್ರಹಜೀವಿ ಬಂತು ಓಡಿ’ ಅಂತ ಕೂಗಲ್ಲ. ‘ಏಲಿಯನ್’ ಅಂತಾಳೆ, ಇಲ್ಲಾಂದ್ರೆ ಹೆಸರೇ ಹೇಳದೆ ‘ಬಂದ್ವು, ಬಂದ್ವು’ ಅಂತಾಳೆ. ‘ಪರದೇಶಿ’ ಅಂತ ಒಬ್ರು ಸೂಚಿಸಿದ್ರು, ಅದು ಮಾತಲ್ಲಿ ದಿಕ್ಕಿಲ್ಲದೋರು ಅನ್ನೋ ಅರ್ಥಕ್ಕೆ ಹೊರಳಿಬಿಟ್ಟಿದೆ, ಆ ಕತೇಲಿ ಪರದೇಶಿಗಳು ಅಂದ್ರೆ ಈ ಮಕ್ಕಳೇ.

ಲಿಂಗದ ವಿಚಾರಕ್ಕೆ ವಾಪಸ್ ಬರ್ತೀನಿ. ಶಾಲೆ ವ್ಯಾಕರಣದಲ್ಲಿ ಪುನ್ನಪುಂಸಕಲಿಂಗ ಅಂತ ಒಂದು ಇತ್ತು ನೆನಪಿದೆಯಾ, ‘ಚಂದ್ರ ಮೂಡಿದನು’ ಅಂತಾನೂ ಅನ್ನಬಹುದು ‘ಚಂದ್ರ ಮೂಡಿತು’ ಅಂತಾನೂ ಅನ್ನಬಹುದು, ಶನಿ ಕಾಡ್ತಾನೆ, ಶನಿ ಕಾಡುತ್ತೆ. ಗ್ರಹಗಳಿಗೇ ಈ ಸವಲತ್ತು ಇರೋವಾಗ ಗ್ರಹದಿಂದ ಇಳಿದು ಬಂದೋರಿಗೆ ಯಾಕಿರಬಾರದು ಅಂತ ನಂಗನ್ಸುತ್ತೆ. ಇನ್ನು ರಾಕ್ಷಸ ‘ಬಂದ’, ದೆವ್ವ ‘ಬಂತು’, ಯಮ ‘ಬಂದ’. ದಂಡು ಅಂದ್ರೆ ಪೂರ್ತಿ ಮನುಷ್ಯರೇ ಇದ್ರೂ ‘ದಂಡು ಬಂತು’. ಹಾಗಾಗಿ ಮೊದಲ ಅಧ್ಯಾಯಗಳಲ್ಲಿ ಅವರನ್ನ ‘ದಂಡು’ ಅಂತಾನೇ ಕರೆದ್ರೆ ಹೆಂಗೆ ಅಂತ ಒಂದು ಯೋಚನೆ ಇದೆ, ಅದರಲ್ಲಿ ಮನುಷ್ಯ ಹೌದೋ ಅಲ್ವೋ ಅನ್ನೋದು ಬಾಯಿ ಬಿಡಲ್ಲ.

ಆದ್ರೆ ಬರೀತಾ ಬರೀತಾ ನಂಗೆ ಹೆಚ್ಚು ಖುಷಿ ಕೊಟ್ಟಿದ್ದು ಬೇರೆ. ಕನ್ನಡದ ಕ್ರಿಯಾಪದ ಎಲ್ಲಾ ಕಡೆ ಲಿಂಗ ಹೇಳಲ್ಲ. ‘ನಿನ್ನೆ ರಾತ್ರಿ ಬರ್ಲಿಲ್ಲ’ ಅಂತೀವಿ, ಯಾರು ಬರ್ಲಿಲ್ಲ, ಅವನಾ ಅವಳಾ ಅದಾ, ಏನೂ ಇಲ್ಲ ಅದರಲ್ಲಿ. ‘ಬಂದಿರಬಹುದು’, ‘ಬರಬಹುದು’, ‘ಬಂದ್ರೆ’, ‘ಬಂದಾಗ’, ‘ಬರೋಷ್ಟರಲ್ಲಿ’, ‘ಬರಲಿ ನೋಡೋಣ’, ಇವ್ಯಾವುದಕ್ಕೂ ಲಿಂಗವೂ ಇಲ್ಲ ವಚನವೂ ಇಲ್ಲ. ಬಚ್ಚಿಟ್ಕೊಂಡಿರೋ ಮಕ್ಕಳು ಆಡೋ ಮಾತೆಲ್ಲ ಬಹಳ ಮಟ್ಟಿಗೆ ಇದೇ ರೂಪಗಳಲ್ಲೇ ಇರುತ್ತೆ, ಇನ್ನೂ ಬರ್ಲಿಲ್ಲ, ಬಂದ್ರೆ ಏನ್ಮಾಡೋಣ, ಕೇಳಿಸ್ಕೊಂಡಿರಬಹುದು, ನೋಡಿರಲಿಕ್ಕಿಲ್ಲ. ಹಿಂಗೆ ಬರೆದ ಒಂದು ಭಾಗ ಹಾಕ್ತಿದೀನಿ, ಓದಿ ಎಲ್ಲಾದ್ರೂ ತಿಣುಕಾಡಿ ಬರೆದ ಹಾಗೆ ಕಾಣುತ್ತಾ ಹೇಳಿ:

“ಮೆಟ್ಟಿಲ ಹತ್ರ ಸದ್ದಾಯ್ತು. ಉಸಿರು ಬಿಗಿಹಿಡಿದು ಕೂತ್ವಿ. ಒಳಗೆ ಬರ್ಲಿಲ್ಲ. ಹೋಗಿರಬಹುದು ಅಂತ ರವಿ ಕೈಸನ್ನೆ ಮಾಡಿದ. ಹೋಗಿದ್ರೆ ಇಳಿಯೋ ಸದ್ದು ಕೇಳ್ಬೇಕಿತ್ತು ಅಂತ ನಾನು ತಲೆ ಅಲ್ಲಾಡಿಸ್ದೆ. ಆಮೇಲೆ ಬಾಗಿಲು ತಟ್ಟಿದ ಸದ್ದು, ಮೆತ್ತಗೆ, ಅಪ್ಪ ತಟ್ಟೋ ಹಾಗೇ.”

ಇಲ್ಲಿ ಐದಾರು ಸಾಲು ಲಿಂಗ ಇಲ್ಲದೆ ನಡ್ಕೊಂಡು ಹೋಗುತ್ತೆ. ಮುಂದಿನ ಸಾಲಲ್ಲಿ ಸಿಕ್ಕಿಹಾಕ್ಕೊಳ್ತೀನಿ. ಹುಡುಗಿ ಈಗ ‘ಹೊರಗೆ ಯಾರೋ ಇದಾರೆ’ ಅಂತಾಳಾ ‘ಏನೋ ಇದೆ’ ಅಂತಾಳಾ? ಯಾರು, ಏನು, ಇಲ್ಲೂ ಅದೇ ಭೇದ. ಎಣಿಸೋಕೆ ಹೋದ್ರೂ ಬಿಡಲ್ಲ, ಕಿಂಡಿಯಿಂದ ನೋಡಿದೋನು ‘ಮೂರಿವೆ’ ಅಂತಾನಾ ‘ಮೂರು ಜನ ಇದಾರೆ’ ಅಂತಾನಾ ಅನ್ನೋದ್ರಲ್ಲೇ ಅವನು ಏನಂತ ನಂಬಿದಾನೆ ಅನ್ನೋದು ಹೊರಗೆ ಬಂದ್ಬಿಡುತ್ತೆ. ಬಾಗಿಲ ಸಾಲಿಗೆ ಸದ್ಯಕ್ಕೆ ನಾನು ಇಟ್ಟಿರೋದು ‘ಯಾರದು?’ ಅನ್ನೋ ಮಾತು. ಬಾಗಿಲು ತಟ್ಟಿದಾಗ ನಾವೆಲ್ಲ ಕೇಳೋ ಮಾತೇ, ಆದ್ರೆ ಬಿಡಿಸಿ ನೋಡಿದ್ರೆ ಯಾರು ಮತ್ತು ಅದು, ಮನುಷ್ಯರಿಗೆ ಕೇಳೋ ಪ್ರಶ್ನೆಯೂ ಮನುಷ್ಯರಲ್ಲದ್ದಕ್ಕೆ ಹೇಳೋ ಸರ್ವನಾಮವೂ ಒಟ್ಟಿಗೇ ಇದೆ. ಈ ಜಾಗಕ್ಕೆ ಇದಕ್ಕಿಂತ ಒಳ್ಳೇ ಮಾತು ನಂಗೆ ಸಿಕ್ಕಿಲ್ಲ, ನಿಮಗೆ ಹೊಳೆದ್ರೆ ತಿಳಿಸಿ.

ಇನ್ನೊಂದು ತೊಡಕು ‘ಅದು’ ಪದದ್ದೇ. ಈ ಹುಡುಗಿಗೆ ಒಂದು ಪುಟ್ಟ ತಂಗಿ ಇದಾಳೆ, ಅವಳ ಬಗ್ಗೆ ಮುದ್ದಿಂದ ‘ಪಾಪ ಅದು ಈಗ ಮಲಗ್ತು, ಎಬ್ಬಿಸ್ಬೇಡ’ ಅಂತಾಳೆ, ಮಗು ಕೂಸು ಅಂದ್ರೆ ನಮಗೆ ಯಾವಾಗ್ಲೂ ನಪುಂಸಕವೇ ತಾನೆ. ಹೊರಗಿನ ಶತ್ರುವಿಗೂ ‘ಅದು’. ಎರಡೂ ಒಂದೇ ಪುಟದಲ್ಲಿ ಬಂದಾಗ ನಂಗೆ ಮೈ ಜುಂ ಅಂತು, ಕತೆಯ ಕೊನೆಗೆ ಆಗೋದಕ್ಕೆ ಇದು ಬೇಕಾಗಿರೋದೇ, ಆದ್ರೆ ಓದೋರಿಗೆ ಯಾವ ‘ಅದು’ ಅನ್ನೋ ಗೊಂದಲ ಆಗಬಾರದು. ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ ‘ಅದು ಬಂತು’ ಅಂತ ಸಹಜವಾಗಿ ಅಂತಾರಲ್ಲ, ಆ ಕಡೆಯವರು ಇದನ್ನ ಓದಿದ್ರೆ ನಾನು ಹಾಕ್ತಿರೋ ಹೆದರಿಕೆ ತಟ್ಟುತ್ತಾ ಅಥವಾ ಏನೂ ಅನ್ನಿಸದೆ ಹೋಗುತ್ತಾ? ಹವ್ಯಕರು ಯಾರಾದ್ರೂ ಇದ್ರೆ ದಯವಿಟ್ಟು ಉತ್ತರಿಸಿ, ಇದು ನಿಜವಾಗ್ಲೂ ಬೇಕು ನಂಗೆ.

ಮಾತಿನ ರೂಪದ ಬಗ್ಗೇನೂ ಒಂದು ಸಂದೇಹ. ಮಾತಾಡುವಾಗ ನಾವು ಎಷ್ಟೋ ಸಲ ‘ನಾಯಿಗಳು ಬಂತು’ ಅಂತ ಏಕವಚನದಲ್ಲೇ ಮುಗಿಸ್ತೀವಿ, ‘ಬಂದ್ವು’ ಅನ್ನೋದು ಕೆಲವರ ಬಾಯಲ್ಲಿ ಸಹಜ, ಕೆಲವರಿಗೆ ಪಾಠ ಓದಿದ ಹಾಗೆ ಕೇಳ್ಸುತ್ತೆ. ಈಗಿನ ಹೈಸ್ಕೂಲ್ ಮಕ್ಕಳು ‘ಏಲಿಯನ್ಸ್ ಬಂತು’ ಅಂತಾರಾ, ‘ಬಂದ್ವು’ ಅಂತಾರಾ, ಅಥವಾ ಸಿನಿಮಾ ನೋಡಿ ನೋಡಿ ‘ಏಲಿಯನ್ಸ್ ಬಂದ್ರು’ ಅಂತಾನೇ ಅಂತಾರಾ? ಮನೇಲಿ ಆ ವಯಸ್ಸಿನ ಮಕ್ಕಳಿರೋರು ಸುಮ್ನೆ ಮಾತಿಗೆ ಎಳೆದು ಕೇಳಿ ನೋಡಿ, ಹಿಂಗಾ ಹಂಗಾ ಅಂತ ನೇರವಾಗಿ ಕೇಳ್ಬೇಡಿ, ಹಂಗೆ ಕೇಳಿದ್ರೆ ಪುಸ್ತಕದ ಉತ್ತರ ಬರುತ್ತೆ.

ಕೊನೇದಾಗಿ ‘ಬದುಕುಳಿ’ ಅನ್ನೋ ಪದ. ಅಪಘಾತದಲ್ಲಿ ಬದುಕುಳಿದವರು ಅಂದ್ರೆ ಸರಿ, ಅಪಾಯ ಮುಗಿದಿದೆ, ಇವರು ಉಳಿದಿದಾರೆ. ಈ ಮಕ್ಕಳಿಗೆ ಅಪಾಯ ಮುಗಿದೇ ಇಲ್ಲ, ನೀರು ಹುಡುಕೋದು, ಬೆಂಕಿ ಹೊಗೆ ಕಾಣದ ಹಾಗೆ ನೋಡ್ಕೊಳ್ಳೋದು, ರಾತ್ರಿ ಪಾಳಿ ಮೇಲೆ ಎಚ್ಚರ ಇರೋದು, ಪ್ರತಿ ದಿನ ಹೊಸದಾಗಿ ಉಳ್ಕೋಬೇಕು. ‘ಬದುಕುಳೀತಾ ಇದೀವಿ’ ಅನ್ನೋದು ನನ್ನ ಕಿವಿಗೆ ಕೂರಲ್ಲ. ‘ದಿನ ದೂಡ್ತಾ ಇದೀವಿ’ ಅಂದ್ರೆ ಬೇಸರದ ಅರ್ಥ ಬರುತ್ತೆ, ‘ಜೀವ ಹಿಡ್ಕೊಂಡಿದೀವಿ’ ಅಂದ್ರೆ ಕಾಯಿಲೆಯವರ ಮಾತಿನ ಹಾಗಾಗುತ್ತೆ. ಸದ್ಯಕ್ಕೆ ‘ಇನ್ನೂ ಇದೀವಿ’ ಅಂತ ಬರೆದು ಮುಂದೆ ಹೋಗಿದೀನಿ, ಹುಡುಗಿ ದಿನಾ ಬೆಳಿಗ್ಗೆ ಗೋಡೆ ಮೇಲೆ ಇದ್ದಿಲಲ್ಲಿ ಬರೆಯೋ ಮಾತು ಅದು. ಇದಕ್ಕೆ ಒಂದೇ ಕ್ರಿಯಾಪದ ಯಾವ ಸೀಮೆಯ ಕನ್ನಡದಲ್ಲಾದ್ರೂ ಬಳಕೇಲಿದ್ರೆ, ಉದಾಹರಣೆ ವಾಕ್ಯದ ಸಮೇತ ಬರೀರಿ.