ಪಶುವೈದ್ಯರನ್ನು ಕೇಳಿ: ಲಾಮಾ, ಅಲ್ಪಾಕಾಗಳನ್ನು ಹಿಡಿಯುವುದು ಹೇಗೆ?

ಪ್ರಶ್ನೆ (ಮುಳಶಿಯಿಂದ): ನಮಸ್ಕಾರ ಡಾಕ್ಟರ್ ಮೇಡಂ. ನಾನು ಗದಗ ಕಡೆಯವನು. ಪುಣೆ ಪಕ್ಕದ ಮುಳಶಿ ಹತ್ತಿರ ಒಂದು ಫಾರ್ಮ್‌ಸ್ಟೇ ನೋಡಿಕೊಳ್ಳುತ್ತೇನೆ. ನಮ್ಮ ಮಾಲೀಕರು ಎರಡು ಲಾಮಾ, ಮೂರು ಅಲ್ಪಾಕಾ ತರಿಸಿದ್ದಾರೆ. ಆಕಳು, ಎಮ್ಮೆ, ಕುರಿ ಎಲ್ಲ ನನಗೆ ಗೊತ್ತು. ಇವು ಮಾತ್ರ ಕೈಗೇ ಸಿಗುವುದಿಲ್ಲ. ಇಬ್ಬರು ಸೇರಿ ಮೂಲೆಗೆ ಒತ್ತುತ್ತೇವೆ, ಒಬ್ಬ ಕುತ್ತಿಗೆ ತಬ್ಬಿ ಹಿಡಿಯುತ್ತಾನೆ. ಅಷ್ಟರಲ್ಲಿ ಜಿಗಿಯುತ್ತವೆ, ಉಗುಳುತ್ತವೆ, ಇಲ್ಲವೇ ಕಾಲು ಮಡಚಿ ಕೂತುಬಿಡುತ್ತವೆ. ಹಾಲ್ಟರ್, ಅಂದರೆ ಹಗ್ಗ ಕಟ್ಟಲು ಮುಖಕ್ಕೆ ತೊಡಿಸುವ ಪಟ್ಟಿ, ಹಾಕುವುದೆಂದರೆ ದಿನಾ ಜಗಳ. ಶನಿವಾರ, ಭಾನುವಾರ ಗೆಸ್ಟ್‌ಗಳ ಮುಂದೆ ಹಗ್ಗ ಹಿಡಿದು ನಡೆಸಬೇಕು ಅಂತ ಮಾಲೀಕರ ಆಸೆ. ಏನು ಮಾಡಲಿ?

ಉತ್ತರ: ಮೊದಲು ಆ ತಬ್ಬಿ ಹಿಡಿಯುವುದನ್ನು ಬಿಡಿ. ನಿಮ್ಮ ತೊಂದರೆ ಹೆಚ್ಚುಕಮ್ಮಿ ಪೂರ್ತಿ ಅಲ್ಲೇ ಇದೆ.

ಇವು ಒಂಟೆಯ ನೆಂಟರು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ, ಇವತ್ತಿನ ಪೆರು, ಬೊಲಿವಿಯಾ ಕಡೆ, ಸಾವಿರಾರು ವರ್ಷಗಳಿಂದ ಜನ ಸಾಕಿಕೊಂಡು ಬಂದಿದ್ದಾರೆ. ಲಾಮಾ ಭಾರ ಹೊರಲು, ಅಲ್ಪಾಕಾ ಉಣ್ಣೆಗೆ. ಆದರೂ ಬೇಟೆಗೆ ಸಿಗುವ ಪ್ರಾಣಿಯ ಬುದ್ಧಿ ಹೋಗಿಲ್ಲ. ಅಲ್ಲಿನ ಪೂಮಾ ಮೇಲೆ ಬಿದ್ದರೆ ಹಿಡಿಯುವುದು ಕುತ್ತಿಗೆಯನ್ನು. ಗಂಡುಗಳು ತಮ್ಮತಮ್ಮಲ್ಲೇ ಕಾದಾಡುವಾಗಲೂ ಕುತ್ತಿಗೆ ಒತ್ತಿ ಕೆಡವುತ್ತವೆ, ಕಾಲು ಕಚ್ಚುತ್ತವೆ. ಹಾಗಿರುವಾಗ ನಿಮ್ಮ ಹುಡುಗ ಮೂಲೆಯಲ್ಲಿ ಕುತ್ತಿಗೆ ತಬ್ಬಿದರೆ ಅದಕ್ಕೆ ಏನನ್ನಿಸುತ್ತದೆ, ನೀವೇ ಹೇಳಿ.

ಇನ್ನೊಂದು, ತೂಕದ ಲೆಕ್ಕ. ಅಷ್ಟು ಉದ್ದದ ಕುತ್ತಿಗೆಯನ್ನು ಆಚೀಚೆ ತೂಗಿಸಿಕೊಂಡೇ ಅದು ಬೀಳದೆ ನಿಲ್ಲುವುದು. ನೀವು ಕುತ್ತಿಗೆಯನ್ನು ನಿಮ್ಮ ಕಡೆ ಎಳೆದುಕೊಂಡರೆ ಅದು ಬೀಳುವ ಭಯಕ್ಕೆ ಆ ಕಡೆ ಜಗ್ಗುತ್ತದೆ. ನಿಮಗೆ ಅದು ಹಟ ಮಾಡಿದ ಹಾಗೆ ಕಾಣುತ್ತದೆ. ಇನ್ನೂ ಬಿಗಿ ಹಿಡಿಯುತ್ತೀರಿ. ಅದು ಇನ್ನೂ ಜಗ್ಗುತ್ತದೆ. ಅಮೆರಿಕದ ಮಾರ್ಟಿ ಮೆಕ್‌ಗೀ ಬೆನೆಟ್ ಅನ್ನುವವರು ಈ ಪ್ರಾಣಿಗಳಿಗಾಗಿಯೇ ಕ್ಯಾಮೆಲಿಡೈನಮಿಕ್ಸ್ ಎಂಬ ಪದ್ಧತಿ ಕಟ್ಟಿದ್ದಾರೆ. ಅದರ ಜೀವಾಳವೇ ಇದು: ಪ್ರಾಣಿ ತನ್ನ ನಾಲ್ಕು ಕಾಲಿನ ಮೇಲೆ ಸಮವಾಗಿ ನಿಲ್ಲುವಂತೆ ನೋಡಿಕೊಳ್ಳಿ, ಅದಕ್ಕೆ ಜಗ್ಗುವ ಕಾರಣ ಕೊಡಬೇಡಿ.

ಈಗ ಕೆಲಸಕ್ಕೆ ಬರೋಣ. ಬಯಲಲ್ಲಿ ಅಟ್ಟಿಸಿಕೊಂಡು ಹೋಗಬೇಡಿ. ಸುಮಾರು ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಸಣ್ಣ ದೊಡ್ಡಿ ಕಟ್ಟಿ. ಬಿದಿರು ಸಾಕು. ಆದರೆ ಲಾಮಾ ಹಾರದಷ್ಟು ಎತ್ತರ ಇರಲಿ, ಐದಡಿಗೆ ಕಡಿಮೆ ಬೇಡ. ಮೇವನ್ನು ಅಲ್ಲೇ ಹಾಕಿ. ಅವಾಗಿಯೇ ಒಳಗೆ ಬಂದು ಹೋಗಿ ರೂಢಿಯಾಗಲಿ. ಹಿಡಿಯಬೇಕಾದ ದಿನ ಐದನ್ನೂ ಒಟ್ಟಿಗೆ ಒಳಗೆ ಬಿಡಿ, ಒಂದನ್ನೇ ಬೇರ್ಪಡಿಸಬೇಡಿ. ಒಂಟಿಯಾದರೆ ಅವುಗಳ ಜೀವ ಅರ್ಧ ಹೋಗುತ್ತದೆ.

ಒಳಗೆ ಕರೆತರುವುದು ಹೇಗೆ ಅಂದರೆ, ನೀವೀಗ ಇರುವ ಕಡೆ ದಸರಾ ಕಳೆದ ಮೇಲೆ ಧನಗರರು ಕುರಿ ಹೊಡೆದುಕೊಂಡು ಘಾಟ್ ಇಳಿದು ಕೊಂಕಣಕ್ಕೆ ಹೋಗುತ್ತಾರಲ್ಲ, ಅವರನ್ನು ಗಮನಿಸಿ. ಒಂದು ಕುರಿಯನ್ನೂ ಮುಟ್ಟುವುದಿಲ್ಲ. ಹಿಂದೆ, ಸ್ವಲ್ಪ ಪಕ್ಕಕ್ಕೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾರೆ. ಹಿಂಡು ತಾನೇ ತಿರುಗುತ್ತದೆ. ಇಲ್ಲೂ ಹಾಗೇ. ಭುಜದಿಂದ ಹಿಂದೆ ನಿಂತರೆ ಮುಂದೆ ಹೋಗುತ್ತದೆ, ಭುಜ ದಾಟಿ ಮುಂದೆ ಬಂದರೆ ನಿಲ್ಲುತ್ತದೆ ಅಥವಾ ತಿರುಗುತ್ತದೆ. ಕೈಯಲ್ಲಿ ಎರಡು ಉದ್ದನೆ ಕೋಲು ಇರಲಿ. ಹೊಡೆಯಲು ಅಲ್ಲ, ನಿಮ್ಮ ಕೈ ಉದ್ದ ಮಾಡಿಕೊಳ್ಳಲು.

ದೊಡ್ಡಿಯೊಳಗೆ ಎದುರಿಗೆ ಹೋಗಬೇಡಿ, ಪೂರ್ತಿ ಹಿಂದೆಯೂ ನಿಲ್ಲಬೇಡಿ. ಅದರ ಕಣ್ಣಿನ ಹಿಂಬದಿ, ಒಂದು ಪಕ್ಕ. ಮೆತ್ತನೆ ಹಗ್ಗವನ್ನು ಕೋಲಿನ ತುದಿಯಲ್ಲಿ ಇಟ್ಟುಕೊಂಡು ಕುತ್ತಿಗೆ ಮೇಲೆ ಹಾಯಿಸಿ. ಹಗ್ಗ ಬಿದ್ದ ಮೇಲೆ ಎಳೆಯಬೇಡಿ. ಹತ್ತಿರ ಹೋಗಿ, ತಲೆ ಬುಡದಲ್ಲಿ ಕುತ್ತಿಗೆಯ ಮೇಲ್ಭಾಗಕ್ಕೆ ಎರಡೂ ಕೈ ಬೆರಳುಗಳನ್ನು ಬಳೆ ತೊಡಿಸಿದ ಹಾಗೆ ಸಡಿಲವಾಗಿ ಸುತ್ತಿ. ಅದು ಮುಂದೆ ಬಂದರೆ ಸ್ವಲ್ಪ ತಡೆಯಿರಿ, ಸಮ ನಿಂತ ಕೂಡಲೇ ಬೆರಳು ಸಡಿಲಿಸಿ. ಹೆಜ್ಜೆ ಹಾಕಿದರೆ ನೀವೂ ಜೊತೆಗೆ ಹೆಜ್ಜೆ ಹಾಕಿ. ನಿಂತಿತಾ? ಬಿಟ್ಟುಬಿಡಿ. ಮೊದಲ ಕೆಲವು ಸಲ ಅಷ್ಟೇ ಸಾಕು. ಹಾಲ್ಟರ್ ಬೇಡ, ಚುಚ್ಚುಮದ್ದು ಬೇಡ, ಏನೂ ಬೇಡ.

ಕೂತುಬಿಡುತ್ತದೆ ಅಂದಿರಲ್ಲ, ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಓಡಲು ದಾರಿಯೂ ಇಲ್ಲ, ಕಾದಾಡಲು ಜಾಗವೂ ಇಲ್ಲ ಅನ್ನಿಸಿದಾಗ ಕೂರುತ್ತದೆ. ಎಬ್ಬಿಸಲು ಒದೆಯಬೇಡಿ. ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ, ಎದ್ದೇಳುತ್ತದೆ.

ಪ್ರಶ್ನೆ (ಮುಳಶಿಯವರೇ): ತುಂಬಾ ಥ್ಯಾಂಕ್ಸ್ ಮೇಡಂ. ಹಾಲ್ಟರ್ ಹಾಕಿದ ಮೇಲೆ ತಲೆ ಒದರುವುದೇ ಒದರುವುದು. ಒಂದು ಅಲ್ಪಾಕಾ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಅದೂ ಹೆದರಿಕೆಯಾ?

ಉತ್ತರ: ಅದಕ್ಕೆ ಉಸಿರು ಸಿಗುತ್ತಿಲ್ಲ. ಕೂಡಲೇ ನೋಡಿ ಸರಿಮಾಡಿ.

ಲಾಮಾ, ಅಲ್ಪಾಕಾ ಎರಡೂ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಬಾಯಿಂದ ಉಸಿರಾಡುವುದು ಅವಕ್ಕೆ ಬಹಳ ಕಷ್ಟ. ಮೂಗಿನ ಗಟ್ಟಿ ಮೂಳೆಯೋ ತುಂಬಾ ಚಿಕ್ಕದು. ಕಣ್ಣಿನ ಕೆಳಗಿಂದ ಮೂಗಿನ ತುದಿಯ ಕಡೆಗೆ ಬೆರಳು ಆಡಿಸಿ ನೋಡಿ. ಒಂದು ಕಡೆ ಮೂಳೆ ಮುಗಿದು, ಒತ್ತಿದರೆ ಒಳಗೆ ಹೋಗುವ ಭಾಗ ಶುರುವಾಗುತ್ತದೆ. ಮೂಗಿನ ಪಟ್ಟಿ ಅಲ್ಲಿಗೆ ಜಾರಿದರೆ ಮೂಗು ಮುಚ್ಚಿದ ಹಾಗೇ. ಒದರದೆ ಏನು ಮಾಡುತ್ತದೆ ಪಾಪ?

ಪಟ್ಟಿ ಕಣ್ಣಿಗೆ ಹತ್ತಿರ, ಮೇಲೆ ಇರಬೇಕು. ಕಿವಿಯ ಹಿಂದಿನ ಪಟ್ಟಿ ಬಿಗಿಯಾಗಿರಬೇಕು, ಮೂಗಿನ ಸುತ್ತ ಮೆಲುಕು ಹಾಕುವಷ್ಟು ಸಡಿಲ ಇರಬೇಕು. ನಮ್ಮವರು ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ. ಹಿಂದೆ ಸಡಿಲ ಬಿಟ್ಟು ಮೂಗಿನ ಹತ್ತಿರ ಬಿಗಿಯುತ್ತಾರೆ. ಹಾಕಿದ ಮೇಲೆ ಪಟ್ಟಿಯನ್ನು ಮುಂದಕ್ಕೆ ಎಳೆದು ನೋಡಿ. ಮೂಳೆ ದಾಟಿ ಜಾರಿತು ಅಂದರೆ ಆ ಹಾಲ್ಟರ್ ಅದರ ಅಳತೆಯದಲ್ಲ. ಕರು, ಮೇಕೆಯ ಹಾಲ್ಟರ್ ತಂದು ಹೊಂದಿಸಲು ಹೋಗಬೇಡಿ. ಲಾಮಾದ್ದನ್ನು ಅಲ್ಪಾಕಾಕ್ಕೂ ಹಾಕಬೇಡಿ. ದೊಡ್ಡ ಲಾಮಾ 130 ಕಿಲೋ ಮೇಲೆ ತೂಗುತ್ತದೆ, ಅಲ್ಪಾಕಾ ಅದರ ಅರ್ಧ ಇದ್ದರೆ ಹೆಚ್ಚು. ಕೆಲಸ ಮುಗಿದ ಮೇಲೆ ಹಾಲ್ಟರ್ ತೆಗೆಯಿರಿ, ಹಾಕಿಯೇ ಮೇಯಲು ಬಿಡಬೇಡಿ.

ಪ್ರಶ್ನೆ (ಚಿಂಚವಡದಿಂದ): ಡಾಕ್ಟ್ರೇ, ನಮ್ಮದು ಬೈಲಹೊಂಗಲ. ಎತ್ತಿಗೆ, ರಾಜಸ್ಥಾನದ ಒಂಟೆಗೆ ಮೂಗು ಚುಚ್ಚುತ್ತಾರಲ್ಲ. ಇವಕ್ಕೂ ಒಂದು ಮೂಗುದಾರ ಹಾಕಿದರೆ ಇಷ್ಟೆಲ್ಲ ತಾಪತ್ರಯ ಯಾಕೆ?

ಉತ್ತರ: ಅಣ್ಣಾ, ಬೇಡವೇ ಬೇಡ. ಮೇಲೆ ಹೇಳಿದ ಮೂಗನ್ನೇ ನೀವು ಚುಚ್ಚಲು ಹೊರಟಿದ್ದೀರಿ. ಭಾರ ಹೊರುವ ಲಾಮಾವನ್ನು ಆಂಡಿಸ್‌ನಲ್ಲೂ ಯಾರೂ ಹಾಗೆ ಮಾಡುವುದಿಲ್ಲ. ನೇಗಿಲು ಎಳೆಯುವ ಎತ್ತಿನ ಶಕ್ತಿ ತಡೆಯಬೇಕಾದ ಕೆಲಸವೇ ಇಲ್ಲಿಲ್ಲ.

ಪ್ರಶ್ನೆ (ಠಾಣೆಯಿಂದ): ಅಕ್ಕಾ, ನಾವು ಮಕ್ಕಳನ್ನು ಕರೆದುಕೊಂಡು ಇಂಥ ಫಾರ್ಮ್‌ಗೆ ಹೋಗುವವರಿದ್ದೇವೆ. ಮಗಳಿಗೆ ಅಲ್ಪಾಕಾ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳಬೇಕಂತೆ. ಮುಖಕ್ಕೆ ಉಗುಳಿದರೆ ರೋಗ ಬರುತ್ತದಾ?

ಉತ್ತರ: ಉಗುಳಿದ್ದಕ್ಕೆ ಮುಖ ತೊಳೆದುಕೊಂಡರೆ ಆಯಿತು, ವಾಸನೆ ಮಾತ್ರ ಸ್ವಲ್ಪ ಹೊತ್ತು ಬಿಡುವುದಿಲ್ಲ. ಹೊಟ್ಟೆಯಿಂದ ಬಂದ ಅರೆಜೀರ್ಣವಾದ ಹುಲ್ಲು ಅದು. ಉಗುಳಿದ ಪ್ರಾಣಿಗೂ ಆ ರುಚಿ ಸಹಿಸಲಾಗದೆ ಕೆಳತುಟಿ ಜೋತು ಬಿಟ್ಟುಕೊಂಡು ನಿಂತಿರುತ್ತದೆ, ನೋಡಲು ತಮಾಷೆ! ಹೆಚ್ಚಾಗಿ ಅವು ಒಂದಕ್ಕೊಂದು ಉಗುಳಿಕೊಳ್ಳುತ್ತವೆ, ಮೇವಿನ ಜಗಳಕ್ಕೆ. ಮನುಷ್ಯರ ಮೇಲೆ ಉಗುಳಬೇಕಾದರೆ ಮೊದಲು ಸೂಚನೆ ಕೊಡುತ್ತದೆ. ಕಿವಿ ಹಿಂದಕ್ಕೆ ಒತ್ತಿ, ಗಲ್ಲ ಮೇಲೆತ್ತುತ್ತದೆ. ಅಷ್ಟು ಕಂಡರೆ ಮಗಳನ್ನು ಹಿಂದಕ್ಕೆ ಕರೆಯಿರಿ.

ತಬ್ಬಿಕೊಳ್ಳುವುದು ಬೇಡ. ಪಕ್ಕದಲ್ಲಿ ನಿಂತು, ಭುಜದ ಮೇಲೆ ಮಟ್ಟಸವಾಗಿ ಕೈಯಿಟ್ಟು ಫೋಟೋ ತೆಗೆಸಿಕೊಳ್ಳಲಿ. ತಲೆ ಸವರುವುದು ನಾಯಿಗೆ ಹಿತ, ಇವಕ್ಕಲ್ಲ. ತಿನ್ನಿಸಬೇಕಿದ್ದರೆ ಕೈಯಲ್ಲಿ ಬೇಡ, ಬಟ್ಟಲಲ್ಲಿ ಹಿಡಿಯಲಿ. ಹ್ಮ್, ಹ್ಮ್ ಅಂತ ಗುನುಗುತ್ತಿದ್ದರೆ ಖುಷಿಯಲ್ಲಿದೆ ಅಂತ ಫಾರ್ಮ್‌ನವರು ಹೇಳಬಹುದು. ಯಾವಾಗಲೂ ಅಲ್ಲ. ಚಿಂತೆಯಾದಾಗ, ಜೊತೆಯವು ಕಾಣದಿದ್ದಾಗ ಕೂಡ ಹಾಗೇ ಗುನುಗುತ್ತವೆ.

ಪ್ರಶ್ನೆ (ಮಡಗಾಂವ್‌ನಿಂದ): ನಮ್ಮ ತಮ್ಮ ಕೆಲಸ ಮಾಡುವ ತೋಟದಲ್ಲಿ ಒಂದು ಗಂಡು ಲಾಮಾ ಮರಿ ಇದೆ. ತಾಯಿ ಸತ್ತಿದ್ದಕ್ಕೆ ಬಾಟಲಿ ಹಾಲು ಕುಡಿಸಿ ಬೆಳೆಸಿದರು. ಏಳು ತಿಂಗಳು. ಅದು ಬಲು ಪ್ರೀತಿಯದು ಮೇಡಂ. ಎಲ್ಲರ ಹಿಂದೆ ಬರುತ್ತದೆ, ಮೈಗೆ ಮೈ ಒತ್ತುತ್ತದೆ, ತಲೆ ತಗ್ಗಿಸಿ ಬಾಲ ಬೆನ್ನ ಮೇಲೆ ಮಡಚಿ ನಮಸ್ಕಾರ ಮಾಡುತ್ತದೆ. ಇದನ್ನೇ ಮೊದಲು ಪಳಗಿಸಿದರೆ ಸುಲಭ ಅಲ್ವಾ?

ಉತ್ತರ: ಇವತ್ತಿನ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದೊಂದೇ.

ತಲೆ ತಗ್ಗಿಸಿ ಬಾಲ ಮಡಚುವುದು ನಮಸ್ಕಾರ ಅಲ್ಲ. ಮರಿ ತನ್ನ ಜಾತಿಯ ದೊಡ್ಡವುಗಳ ಮುಂದೆ ತೋರಿಸುವ ನಡವಳಿಕೆ ಅದು. ಅದನ್ನು ನಿಮ್ಮ ತಮ್ಮನ ಮುಂದೆ ಮಾಡುತ್ತಿದೆ ಅಂದರೆ ಅವನನ್ನೂ ಲಾಮಾ ಎಂದೇ ತಿಳಿದಿದೆ. ಈಗ ಮರಿ, ಚಂದ ಕಾಣುತ್ತದೆ. ಬೆಳೆದ ಗಂಡು ಲಾಮಾ ಇನ್ನೊಂದು ಗಂಡಿನ ಜೊತೆ ಏನು ಮಾಡುತ್ತದೆ ಅಂತ ಮೊದಲೇ ಬರೆದಿದ್ದೇನೆ: ಎದೆಯಿಂದ ಗುದ್ದುತ್ತದೆ, ಕೆಡವುತ್ತದೆ, ಕಚ್ಚುತ್ತದೆ. ಅದೇ ಆಟ ಮನುಷ್ಯರ ಮೇಲೆ ಶುರುವಾಗುತ್ತದೆ. ಎರಡು ಮೂರು ವರ್ಷಕ್ಕೆ ಚೂಪಾದ ಕಾದಾಟದ ಹಲ್ಲು ಬೇರೆ ಬರುತ್ತವೆ. ಹೆದರುವ ಲಾಮಾಕ್ಕಿಂತ ಹೆದರಿಕೆಯೇ ಇಲ್ಲದ ಗಂಡು ಲಾಮಾ ಅಪಾಯ.

ಇವತ್ತಿನಿಂದಲೇ ಮುದ್ದು ನಿಲ್ಲಲಿ. ಹಾಲು ಬಿಡಿಸುವುದು ಸುಮಾರು ಆರು ತಿಂಗಳಿಗೆ, ಅದು ಮುಗಿದಿರಬೇಕು. ಮರಿಯನ್ನು ದೊಡ್ಡ ಲಾಮಾಗಳ ಹಿಂಡಿನಲ್ಲಿ ಬಿಡಿ, ರೀತಿ ರಿವಾಜು ಅವೇ ಕಲಿಸುತ್ತವೆ. ಮೈಗೆ ಒತ್ತಿಕೊಂಡು ಬಂದರೆ ಹೊಡೆಯಬೇಡಿ, ನಗಲೂ ಬೇಡಿ. ಕೋಲು ಅಡ್ಡ ಹಿಡಿದು ದೂರ ನಿಲ್ಲಿಸಿ. ಬೀಜ ತೆಗೆಸುವ ವಿಷಯ ಹತ್ತಿರದ ಪಶುವೈದ್ಯರ ಹತ್ತಿರ ಈಗಲೇ ಮಾತಾಡಿ. ಸಾಮಾನ್ಯವಾಗಿ ಮೂಳೆ ಬಲಿಯಲಿ ಅಂತ ಒಂದೂವರೆ, ಎರಡು ವರ್ಷ ಕಾಯುತ್ತೇವೆ. ಇಂಥ ಮರಿಗೆ ಅಷ್ಟು ಕಾಯುವುದಿಲ್ಲ. ಅದರಿಂದ ಸ್ವಭಾವ ಪೂರ್ತಿ ಬದಲಾಗುತ್ತದೆ ಅಂತ ಭರವಸೆ ಕೊಡಲಾರೆ. ಮುಂದೆ ಯಾರಾದರೂ ಬಾಟಲಿ ಹಾಲು ಕೊಡಬೇಕಾಗಿ ಬಂದರೆ, ಕುಡಿಸಿ, ಮಾತಾಡಿಸದೆ, ಹಿಂಡಿನ ಜೊತೆಯಲ್ಲೇ ಬಿಟ್ಟು ಬನ್ನಿ.

ಇನ್ನು ಗೋವಾದ ಸೆಖೆ. ಪಳಗಿಸುವ ಕೆಲಸ ಬೆಳಿಗ್ಗೆ ಬೇಗ ಮುಗಿಯಬೇಕು. ಸಾಕುವವರು ಬಳಸುವ ಒಂದು ಲೆಕ್ಕ ಇದೆ: ಫ್ಯಾರನ್‌ಹೀಟ್‌ನಲ್ಲಿ ಉಷ್ಣತೆ, ಅದಕ್ಕೆ ಗಾಳಿಯ ತೇವದ ಶೇಕಡ ಕೂಡಿಸಿ. 120ರ ಒಳಗಿದ್ದರೆ ಚಿಂತೆಯಿಲ್ಲ, 180 ದಾಟಿದರೆ ಪ್ರಾಣಕ್ಕೆ ಅಪಾಯ. 33 ಡಿಗ್ರಿ ಸೆಲ್ಸಿಯಸ್ ಅಂದರೆ 91 ಫ್ಯಾರನ್‌ಹೀಟ್. ತೇವ 75 ಇದ್ದ ದಿನ ಒಟ್ಟು 166 ಆಯಿತು. ಪುಣೆಯ ಒಣ ಏಪ್ರಿಲ್‌ನಲ್ಲಿ 39 ಡಿಗ್ರಿ, ತೇವ 20 ಇದ್ದರೆ 122. ಬಿಸಿಲು ಜಾಸ್ತಿ ಇರುವ ಊರಿಗಿಂತ ಬೆವರುವ ಊರೇ ಇವಕ್ಕೆ ಕಷ್ಟ ಅಂತ ಈ ಲೆಕ್ಕ ಹೇಳುತ್ತದೆ. ಬೇಸಿಗೆಗೆ ಮೊದಲು ಉಣ್ಣೆ ಕತ್ತರಿಸಿ. ನೀರು ಹಾಕಬೇಕೆಂದರೆ ಹೊಟ್ಟೆಯಡಿ, ಕಾಲಿಗೆ ಹಾಕಿ. ಬೆನ್ನ ಉಣ್ಣೆ ನೆನೆದರೆ ಕಾವು ಒಳಗೇ ನಿಲ್ಲುತ್ತದೆ. ತೋಟದ ಬೇಲಿಯಲ್ಲಿ ಕಣಗಿಲೆ ಇದ್ದರೆ ಬುಡಸಮೇತ ಕೀಳಿಸಿ, ಅದು ಇವಕ್ಕೆ ವಿಷ.

ಪ್ರಶ್ನೆ (ಮುಳಶಿಯವರೇ): ಕೊನೆಯ ಪ್ರಶ್ನೆ ಮೇಡಂ. ಉಗುರು ಕತ್ತರಿಸಲು ಕಾಲು ಮುಟ್ಟಿದರೆ ಒದೆಯುತ್ತವೆ. ಮತ್ತೆ ಗೆಸ್ಟ್‌ಗಳ ಕೈಗೆ ಹಗ್ಗ ಕೊಡಬಹುದಾ?

ಉತ್ತರ: ಕಾಲು ಮುಟ್ಟುವ ಮೊದಲು ಕೋಲಿನ ತುದಿಯಿಂದ ಭುಜ, ಮೊಣಕಾಲು, ಕೆಳಗೆ ಹೀಗೆ ಸವರುತ್ತಾ ಬನ್ನಿ. ಆಮೇಲೆ ಅಂಗೈ ಹಿಂಭಾಗದಿಂದ ಸವರಿ. ಎತ್ತುವಾಗ ನೆಲದಿಂದ ಸ್ವಲ್ಪವೇ ಎತ್ತಿ, ಅದರ ಮೈಯಡಿಯಲ್ಲೇ ಇರಲಿ. ಪಕ್ಕಕ್ಕೆ ಎಳೆದರೆ ತೂಕ ತಪ್ಪುತ್ತದೆ, ಒದೆಯುತ್ತದೆ. ಒಂದು ಉಗುರು ಕತ್ತರಿಸಿ ಕಾಲು ಕೆಳಗಿಡಿ. ನಾಲ್ಕೂ ಕಾಲು ಒಂದೇ ದಿನ ಮುಗಿಯಬೇಕೆಂದು ಯಾರು ಹೇಳಿದರು?

ಹಗ್ಗ ಒಂಬತ್ತು, ಹತ್ತು ಅಡಿ ಇರಲಿ. ಹಾಲ್ಟರ್ ಬುಡದಲ್ಲಿ ಹಿಡಿದು ಎಳೆಯುವುದು ಬೇಡ. ಸಣ್ಣಗೆ ಸೂಚನೆ ಕೊಡಿ, ಒಂದು ಹೆಜ್ಜೆ ಬಂದರೆ ಹಗ್ಗ ಸಡಿಲಿಸಿ. ಮೊದಲು ದೊಡ್ಡಿಯೊಳಗೆ, ಆಮೇಲೆ ಅಂಗಳದಲ್ಲಿ, ಯಾವಾಗಲೂ ಎರಡನ್ನು ಜೊತೆಗೆ. ಗೆಸ್ಟ್‌ಗಳ ವಿಷಯ ಅಂದರೆ, ಈ ಸೀಸನ್ ಬೇಡ. ಹಗ್ಗ ನಿಮ್ಮ ಕೈಯಲ್ಲೇ ಇರಲಿ, ಅವರು ಪಕ್ಕದಲ್ಲಿ ನಡೆದುಬರಲಿ. ಮಾಲೀಕರು ಒಪ್ಪದಿದ್ದರೆ ಈ ಉತ್ತರವನ್ನೇ ಅವರಿಗೆ ಮರಾಠಿಯಲ್ಲಿ ಓದಿ ಹೇಳಿ. ಇಲ್ಲಾ ನನ್ನ ಹತ್ತಿರ ಮಾತಾಡಿಸಿ, ಭಾನುವಾರ ಮಾತ್ರ ಬೇಡ.