ಮನೆಯಿಂದಲೇ ಕೆಲಸ ಮಾಡುವವರಿಗೆ ಕಾರು ಬೇಕೇ, ಸೈಕಲ್ ಸಾಕೇ, ನಗರದೊಳಗಿನ ಮನೆ ಬಿಡಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದು, ನಾಲ್ಕು ವರ್ಷಗಳಿಂದ ಮನೆಯಿಂದಲೇ ದುಡಿಯುತ್ತಿದ್ದೇನೆ. ಅದಕ್ಕೂ ಮೊದಲು ಕಚೇರಿಗೆ ಹೋಗಿ ಬರುವುದರಲ್ಲೇ ದಿನಕ್ಕೆ ಎರಡೂವರೆ ಗಂಟೆ ಕಳೆಯುತ್ತಿತ್ತು. ಆ ಓಡಾಟ ನಿಂತಾಗ ಇಷ್ಟು ಸಮಯ ಕೈಗೆ ಬಂತಲ್ಲ ಎಂದು ಬಹಳ ಸಂತೋಷಪಟ್ಟಿದ್ದೆ. ಈಗ ನೋಡಿದರೆ ಆ ಎರಡೂವರೆ ಗಂಟೆಯನ್ನೂ ಕೆಲಸವೇ ನುಂಗಿಕೊಂಡಿದೆ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಲ್ಯಾಪ್‌ಟಾಪ್ ತೆರೆಯುತ್ತೇನೆ. ಬೇರೆ ದೇಶದ ಸಹೋದ್ಯೋಗಿಗಳ ದಿನ ಶುರುವಾಗುವ ಹೊತ್ತಿಗೆ ನನ್ನ ಸಂಜೆಯ ಮೀಟಿಂಗುಗಳು ಶುರುವಾಗುತ್ತವೆ. ರಾತ್ರಿ ಆ ಕೋಣೆಯ ದೀಪ ಆರಿಸಿ ಪಕ್ಕದ ಕೋಣೆಗೆ ಹೋಗಿ ಮಲಗುತ್ತೇನೆ. ಕಳೆದ ತಿಂಗಳು ಒಂದು ಮಂಗಳವಾರ ನನ್ನ ಫೋನು ತೋರಿಸಿದ ಹೆಜ್ಜೆಗಳ ಲೆಕ್ಕ 640. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನ ಮುಂದೆ ಮೂರು ವಿಷಯಗಳಿವೆ. ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಟ್ಟಿಗೇ ಕೇಳುತ್ತಿದ್ದೇನೆ. ಮೊದಲನೆಯದು ಕಾರು. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದರೆ ಹೆಚ್ಚು. ಈ ವರ್ಷ ಎರಡು ಸಲ ಬ್ಯಾಟರಿ ಕೈಕೊಟ್ಟಿತು. ಎರಡನೆಯ ಸಲವಂತೂ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ, ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕುಳಿತಿದ್ದರು. ಟ್ಯಾಕ್ಸಿ ಬಂದು ಎಲ್ಲವೂ ಸರಿಹೋಯಿತು. ಆದರೆ ತುರ್ತಿಗೆ ಇರಲಿ ಎಂದು ಇಟ್ಟುಕೊಂಡ ಕಾರು ತುರ್ತಿಗೇ ಒದಗಲಿಲ್ಲ ಎಂಬುದು ಮನಸ್ಸಿನಿಂದ ಹೋಗುತ್ತಿಲ್ಲ.

ಎರಡನೆಯದು ಸೈಕಲ್. ಬೆಳಿಗ್ಗೆ ಎಂಟು ಕಿಲೋಮೀಟರಿನ ಒಂದು ಸುತ್ತು ಹೊಡೆಯುವ ಅಭ್ಯಾಸ ಆರಂಭಿಸಿದ್ದೇನೆ. ಹತ್ತು ದಿನ ಚೆನ್ನಾಗಿ ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಎಲ್ಲಿಗೂ ಹೋಗಬೇಕಾಗಿಲ್ಲದವನು ಬೆಳಿಗ್ಗೆ ಆರಕ್ಕೆ ಏಳುವುದಾದರೂ ಏಕೆ ಎಂದು ಮನಸ್ಸು ಹಿಂದೇಟು ಹಾಕುತ್ತದೆ. ಇದರ ಜೊತೆಗೆ, ನಿಂತಿದ್ದ ಕಾರೊಂದರ ಬಾಗಿಲು ಒಮ್ಮೆ ನನ್ನ ಮುಂದೆಯೇ ಥಟ್ಟನೆ ತೆರೆದುಕೊಂಡಿತು. ಬೀಳಲಿಲ್ಲ, ಆದರೆ ಆ ಹೆದರಿಕೆ ಹಾಗೆಯೇ ಉಳಿದಿದೆ.

ಮೂರನೆಯದು ಮನೆ. ಈಗ ಕೊಡುತ್ತಿರುವ ಬಾಡಿಗೆಗೇ ನಗರದ ಹೊರಗೆ ಇನ್ನೊಂದು ಕೋಣೆ, ಅಂಗಳ, ಮರಗಳ ನೆರಳು ಎಲ್ಲವೂ ಸಿಗುತ್ತವೆ. ಕಚೇರಿಗೇ ಹೋಗದವನಿಗೆ ನಗರದ ನಡುವೆ ಏನು ಕೆಲಸ ಎಂದು ಮನೆಯವರೂ ಕೇಳುತ್ತಿದ್ದಾರೆ. ಇದೇ ಸ್ಥಿತಿಯನ್ನು ದಾಟಿ ಬಂದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ 1

ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಬೇರು ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ.

ಕಚೇರಿಯ ಓಡಾಟವನ್ನು ನಾವೆಲ್ಲ ಬೈದುಕೊಂಡೇ ಬದುಕಿದವರು. ಹಾಗಿದ್ದರೂ ಅದು ಸಂಪೂರ್ಣವಾಗಿ ಇಲ್ಲವಾಗಲಿ ಎಂದು ಬಯಸುವವರು ನಾವಂದುಕೊಂಡಷ್ಟು ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಸಾವಿರಕ್ಕೂ ಹೆಚ್ಚು ಉದ್ಯೋಗಿಗಳನ್ನು ಕೇಳಿ ರೆಡ್ಮಂಡ್ ಮತ್ತು ಮೊಖ್ತಾರಿಯನ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಮಗೆ ಬೇಕೆಂದು ಹೇಳಿದ ಒಂದು ಬದಿಯ ಪ್ರಯಾಣದ ಅವಧಿ ಸರಾಸರಿ 16 ನಿಮಿಷವಾಗಿತ್ತು. ಪ್ರಯಾಣವೇ ಬೇಡ ಎಂದವರು ತೀರಾ ಕಡಿಮೆ. ಮನೆಯ ಮಾತು ಮುಗಿದು ಕೆಲಸದ ಮಾತು ಶುರುವಾಗುವುದಕ್ಕೆ ನಡುವೆ ಒಂದಿಷ್ಟು ದಾರಿ ಬೇಕಾಗುತ್ತದೆ. ಸಂಜೆ ತಲೆಯಲ್ಲಿ ಸುತ್ತುತ್ತಿರುವ ಕೋಡಿನ ದೋಷವನ್ನು ಇಳಿಸಿ ಬರುವುದಕ್ಕೂ ಅಷ್ಟೇ ದಾರಿ ಬೇಕಾಗುತ್ತದೆ. ನಿಮಗೆ ತಪ್ಪಿಹೋಗಿರುವುದು ಈ ದಾರಿ.

ಆ 16 ನಿಮಿಷವನ್ನೇ ಹಿಡಿದು ಒಂದು ಲೆಕ್ಕ ಹಾಕಿ ನೋಡಿ. ಹೋಗಿ ಬರಲು 32 ನಿಮಿಷ, ವಾರಕ್ಕೆ ಐದು ದಿನ ಎಂದರೆ 160 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದು ಹೇಳಿದೆ. ಸಾಧಾರಣ ವೇಗದಲ್ಲಿ ಸೈಕಲ್ ತುಳಿದರೆ ಆ ಕನಿಷ್ಠ ಮಟ್ಟ ಇಷ್ಟರಲ್ಲೇ ದಾಟುತ್ತದೆ. ಕುಳಿತೇ ಇರುವುದರ ಬಗ್ಗೆ ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಹಳೆಯ ಅಧ್ಯಯನವೊಂದು ನನಗೆ ಆಗಾಗ ನೆನಪಾಗುತ್ತದೆ. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತು ಓಡಿಸುತ್ತಿದ್ದ ಚಾಲಕರಿಗೂ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುತ್ತಿದ್ದ ಕಂಡಕ್ಟರುಗಳಿಗೂ ಇದ್ದ ವ್ಯತ್ಯಾಸವನ್ನು ಅವರು ನೋಡಿದರು. ಹೃದಯದ ಕಾಯಿಲೆ ಚಾಲಕರಲ್ಲೇ ಹೆಚ್ಚಾಗಿ ಕಂಡಿತು. ಒಂದೇ ಬಸ್ಸು, ಒಂದೇ ಹೊಗೆ, ಒಂದೇ ರಸ್ತೆ. ನಿಮ್ಮ 640 ಹೆಜ್ಜೆಗಳನ್ನು ಓದಿದಾಗ ನನಗೆ ಆ ಚಾಲಕರು ಕಣ್ಣ ಮುಂದೆ ಬಂದರು.

ಹತ್ತು ದಿನಕ್ಕೇ ಅಭ್ಯಾಸ ಮುರಿಯುವುದಕ್ಕೆ ಕಾರಣ ನೀವೇ ಹೇಳಿದ್ದೀರಿ: ಅಲ್ಲಿ ತಲುಪಬೇಕಾದ ಜಾಗವೇ ಇಲ್ಲ. ನಾನು ಆ ಸುತ್ತು ಹೊಡೆಯುವುದನ್ನು ಬಿಟ್ಟು, ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಸಾರ್ವಜನಿಕ ಗ್ರಂಥಾಲಯವನ್ನು ಬೆಳಗಿನ ಕಚೇರಿ ಮಾಡಿಕೊಂಡೆ. ಮೀಟಿಂಗ್ ಇಲ್ಲದ ಮೊದಲ ಎರಡು ಗಂಟೆ ಅಲ್ಲಿ ಕುಳಿತು ಕೋಡ್ ಬರೆದು, ಆಮೇಲೆ ಮನೆಗೆ ಬರುತ್ತೇನೆ. ಕಿಟಕಿಯ ಪಕ್ಕದ ಮೂರನೆಯ ಮೇಜು ಸಿಗಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು; ನನ್ನನ್ನು ಹಾಸಿಗೆಯಿಂದ ಎಬ್ಬಿಸಲು ಅಷ್ಟೇ ಕಾರಣ ಸಾಕಾಯಿತು. ಗ್ರಂಥಾಲಯ ಇಲ್ಲದಿದ್ದರೆ ಮಗುವನ್ನು ಶಾಲೆಗೆ ಬಿಡುವುದು, ಔಷಧಿ ತರುವುದು, ಹೀಗೆ ಹೇಗೂ ಮಾಡಲೇಬೇಕಾದ ಕೆಲಸವನ್ನು ಆ ಹೊತ್ತಿಗೆ ಕಟ್ಟಿಹಾಕಿ. ಬೆಳಗಿನ ಬೆಳಕಿನಿಂದಲೂ ಲಾಭವಿದೆ. ಬೆಳಕಿನ ಅಳತೆಯಾದ ಲಕ್ಸ್ ಲೆಕ್ಕದಲ್ಲಿ ಮನೆಯೊಳಗೆ ನಮಗೆ ಸಿಗುವುದು ಕೆಲವು ನೂರು ಲಕ್ಸ್ ಬೆಳಕು. ಹೊರಗೆ ಹಗಲಿನಲ್ಲಿ ಅದು ಹತ್ತು ಸಾವಿರ ಲಕ್ಸ್ ದಾಟುವುದು ಸಾಮಾನ್ಯ, ಮತ್ತು ದೇಹದ ನಿದ್ರೆ–ಎಚ್ಚರಗಳ ಗಡಿಯಾರ ಸರಿಯಾಗುವುದು ಆ ಬೆಳಕಿನಿಂದಲೇ.

ಉತ್ತರ 2

ಸೈಕಲ್ ಸುರಕ್ಷತೆಯ ಬಗ್ಗೆ ಮಾತ್ರ ಬರೆಯುತ್ತೇನೆ. ನಿಂತ ವಾಹನಗಳ ಸಾಲಿಗೆ ಅಂಟಿಕೊಂಡು ಹೋಗುವುದು ಸುರಕ್ಷಿತ ಎಂದು ಹೊಸಬರಿಗೆ ಅನ್ನಿಸುತ್ತದೆ, ಆದರೆ ನಿಮಗಾದಂಥ ಅಪಾಯ ಇರುವುದು ಅಲ್ಲಿಯೇ. ಕಾರಿನ ಬಾಗಿಲು ಪೂರ್ತಿ ತೆರೆದರೆ ಸುಮಾರು ಒಂದು ಮೀಟರ್ ಜಾಗ ಹಿಡಿಯುತ್ತದೆ. ಅದಕ್ಕಿಂತ ಸ್ವಲ್ಪ ಹೆಚ್ಚು ದೂರ ಬಿಟ್ಟು, ಹಾವಿನಂತೆ ಒಳಗೂ ಹೊರಗೂ ಹರಿದಾಡದೆ, ನೇರವಾದ ಗೆರೆಯಲ್ಲಿ ಸಾಗಿ. ನೀವೇ ಕಾರಿನಿಂದ ಇಳಿಯುವಾಗ ಬಾಗಿಲಿಗೆ ಹತ್ತಿರವಿರುವ ಕೈಯಿಂದ ತೆರೆಯಬೇಡಿ, ದೂರದ ಕೈಯಿಂದ ತೆರೆಯಿರಿ. ಆಗ ಮೈ ತಾನಾಗಿಯೇ ತಿರುಗಿ, ಹಿಂದಿನಿಂದ ಬರುವವರು ಕಣ್ಣಿಗೆ ಬೀಳುತ್ತಾರೆ. ಮನೆಯವರಿಗೆಲ್ಲ ಇದನ್ನು ಕಲಿಸಿ.

ತಿರುವಿನಲ್ಲಿ ಲಾರಿ ಅಥವಾ ಬಸ್ಸಿನ ಒಳಮಗ್ಗುಲಿಗೆ ಎಂದೂ ನುಗ್ಗಬೇಡಿ; ಚಾಲಕನಿಗೆ ನೀವು ಕಾಣುವುದಿಲ್ಲ, ಮತ್ತು ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಒಳಗಿನ ದಾರಿ ಹಿಡಿಯುತ್ತವೆ. ಹತ್ತು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ, ವಾಹನಗಳು ನಿಧಾನವಾಗಿ ಓಡುವ ಒಳರಸ್ತೆಯನ್ನೇ ಆರಿಸಿಕೊಳ್ಳಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ವಾಹನ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಆದ್ದರಿಂದ 30 ಕಿಲೋಮೀಟರ್ ವೇಗದ ರಸ್ತೆಗೂ 60ರ ರಸ್ತೆಗೂ ಇರುವ ಅಂತರ ಸಣ್ಣದಲ್ಲ. ಕಚೇರಿಯ ಸಮಯಕ್ಕೆ ಕಟ್ಟುಬಿದ್ದವರಿಗೆ ಈ ಆಯ್ಕೆ ಇರುವುದಿಲ್ಲ, ನಿಮಗಿದೆ. ರಸ್ತೆ ಖಾಲಿಯಿರುವ ಹೊತ್ತಿಗೇ ಹೊರಡಿ.

ಉತ್ತರ 3

ಕಾರಿನ ವಿಷಯ. ನಿಲ್ಲಿಸಿದ ಕಾರು ಹಾಳಾಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕೀಲಿ ತೆಗೆದ ಮೇಲೂ ಕಳ್ಳರ ಅಲಾರಂ, ಗಡಿಯಾರ, ಬಾಗಿಲಿನ ಲಾಕ್ ಇವೆಲ್ಲ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪವೇ ವಿದ್ಯುತ್ ಎಳೆಯುತ್ತಿರುತ್ತವೆ. ಹದಿನೈದು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಓಡಿಸಿದರೆ, ಸ್ಟಾರ್ಟ್ ಮಾಡಲು ಖರ್ಚಾದಷ್ಟೂ ಬ್ಯಾಟರಿಗೆ ಮರಳಿ ತುಂಬುವುದಿಲ್ಲ. ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ತೆಗೆದುಕೊಂಡು, ಕಾರು ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಅಳೆದು ನೋಡಿ: ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ರ ಹತ್ತಿರ ಬಂದಿದ್ದರೆ ಅರ್ಧ ಖಾಲಿಯಾಗಿದೆ ಎಂದು ತಿಳಿಯಿರಿ. ಸಣ್ಣ ಓಟಗಳಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗದೆ ಎಣ್ಣೆಯಲ್ಲಿ ಸೇರಿದ ನೀರಿನ ಅಂಶವೂ ಆವಿಯಾಗುವುದಿಲ್ಲ. ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಟೈರಿನ ರಬ್ಬರು ಓಡದಿದ್ದರೂ ಹಳೆಯದಾಗುತ್ತದೆ. ಆದ್ದರಿಂದ ಕಾರು ಇಟ್ಟುಕೊಳ್ಳುವುದಾದರೆ ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಒಂದೇ ಸಮನೆ ಓಡಿಸಿ, ಕಿಲೋಮೀಟರ್ ಆಗದಿದ್ದರೂ ಅವಧಿ ತುಂಬಿದಾಗ ಸರ್ವೀಸ್ ಮಾಡಿಸಿ.

ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ಊಹೆಯ ಮೇಲೆ ತೀರ್ಮಾನಿಸಬೇಡಿ. ಮೂರು ತಿಂಗಳು ಒಂದು ಪಟ್ಟಿ ಬರೆಯಿರಿ: ಹೊರಗೆ ಹೋದ ಪ್ರತಿಯೊಂದು ಸಲವೂ ಎಷ್ಟು ದೂರ, ಜೊತೆಗೆ ಎಷ್ಟು ಜನ, ಎಷ್ಟು ಹೊರೆ, ಯಾವ ಹೊತ್ತು, ಮತ್ತು ಕಾರು ಇಲ್ಲದಿದ್ದರೆ ಹೇಗೆ ಹೋಗುತ್ತಿದ್ದಿರಿ ಎಂಬುದಷ್ಟು ಸಾಕು. ವಿಮೆ, ಪಾರ್ಕಿಂಗ್, ವರ್ಷ ಕಳೆದಂತೆ ಇಳಿಯುವ ಬೆಲೆ, ಇವು ಕಾರು ಓಡಿದರೂ ಓಡದಿದ್ದರೂ ತಪ್ಪದ ಖರ್ಚುಗಳು. ಅವೆಲ್ಲವನ್ನೂ ಕೂಡಿಸಿ, ಕಾರಿಲ್ಲದೆ ಆಗುತ್ತಲೇ ಇರಲಿಲ್ಲ ಎಂಬ ಓಟಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತವನ್ನು ಟ್ಯಾಕ್ಸಿ ಮತ್ತು ಬಾಡಿಗೆ ಕಾರಿನ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿ. ತಂದೆಯವರ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು: ಎದೆನೋವಿನಂಥ ಸಂದರ್ಭದಲ್ಲಿ ಸ್ವಂತ ಕಾರು ಇದ್ದರೂ ಮೊದಲು ಆಂಬ್ಯುಲೆನ್ಸ್ ಕರೆಯಿರಿ, ಏಕೆಂದರೆ ಚಿಕಿತ್ಸೆ ದಾರಿಯಲ್ಲಿಯೇ ಆರಂಭವಾಗುತ್ತದೆ. ಆ ಒಂದು ಕಾರಣಕ್ಕಾಗಿ ಕಾರು ಸಾಕಬೇಕಾಗಿಲ್ಲ.

ಉತ್ತರ 4

ನಗರದ ಹೊರಗೆ ಮನೆ ಮಾಡಿ, ಎರಡು ವರ್ಷ ಇದ್ದು, ಮರಳಿ ಬಂದವಳು ನಾನು. ಅಲ್ಲಿನ ನಿಶ್ಶಬ್ದ, ಹಕ್ಕಿಗಳ ಸದ್ದು, ಪ್ರತ್ಯೇಕ ಕೆಲಸದ ಕೋಣೆ, ಇವೆಲ್ಲ ನಿಜವಾಗಿಯೂ ಸುಖ ಕೊಟ್ಟವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಚೇರಿಯ ಓಡಾಟವೊಂದು ತಪ್ಪಿದರೂ ಉಳಿದ ಓಡಾಟಗಳೆಲ್ಲ ಉದ್ದವಾದವು. ಹಲ್ಲಿನ ವೈದ್ಯರು, ಮಗಳ ಸಂಗೀತ ಪಾಠ, ಗೆಳತಿಯ ಮನೆ, ಒಂದು ಲ್ಯಾಪ್‌ಟಾಪ್ ಚಾರ್ಜರ್, ಎಲ್ಲದಕ್ಕೂ ಕಾರು ತೆಗೆಯಬೇಕಾಯಿತು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಅವರು 1994ರಲ್ಲಿ ಒಂದು ವಿಚಾರ ಮಂಡಿಸಿದ್ದರು: ಕಾಲ್ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೆ ವೇಗ ಎಷ್ಟು ಹೆಚ್ಚಿದರೂ ಜನ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟೇ ಪ್ರಯಾಣ ಮಾಡುತ್ತಾರೆ, ಉಳಿದ ವೇಗವನ್ನು ದೂರವಾಗಿ ಮಾರ್ಪಡಿಸಿಕೊಳ್ಳುತ್ತಾರೆ ಎಂದು. ನನ್ನ ಮಟ್ಟಿಗೆ ಅದು ಅಕ್ಷರಶಃ ನಡೆಯಿತು. ಕಚೇರಿಗೆ ಹೋಗದಿದ್ದರೂ ವಾರದ ಕೊನೆಯಲ್ಲಿ ಕೂಡಿಸಿದರೆ ದಿನಕ್ಕೆ ಒಂದು ಗಂಟೆ ಸ್ಟಿಯರಿಂಗ್ ಹಿಂದೆಯೇ ಕಳೆಯುತ್ತಿದ್ದೆ.

ಇನ್ನೊಂದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಮನೆಯಿಂದ ಕೆಲಸ ಎಂಬುದು ನೇಮಕಾತಿ ಪತ್ರದಲ್ಲಿ ಬರೆದಿದೆಯೇ, ಅಥವಾ ಮೇಲಧಿಕಾರಿಯ ಒಪ್ಪಿಗೆಯ ಮೇಲೆ ನಡೆಯುತ್ತಿದೆಯೇ? ನನ್ನದು ಬಾಯಿಮಾತಿನ ಒಪ್ಪಿಗೆಯಾಗಿತ್ತು. ವಾರಕ್ಕೆ ಮೂರು ದಿನ ಬರಬೇಕೆಂಬ ಇಮೇಲ್ ಬಂದ ದಿನ ಬಾಡಿಗೆ ಕರಾರಿನಲ್ಲಿ ಇನ್ನೂ ಹತ್ತು ತಿಂಗಳು ಉಳಿದಿತ್ತು, ಹೋಗಿ ಬರಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಆ ಹತ್ತು ತಿಂಗಳಲ್ಲಿ ಮಗಳು ಮಲಗಿದ ಮೇಲೆಯೇ ನಾನು ಮನೆ ಸೇರಿದ ದಿನಗಳು ಎಷ್ಟೋ.

ಈಗಿರುವ ಮನೆ ಚಿಕ್ಕದು. ಮಲಗುವ ಕೋಣೆಯ ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದೇನೆ. ಆದರೆ ಹದಿನೈದು ನಿಮಿಷದ ನಡಿಗೆಯೊಳಗೆ ಶಾಲೆ, ಔಷಧಿ ಅಂಗಡಿ, ಉದ್ಯಾನ, ಬಸ್ ನಿಲ್ದಾಣ ಎಲ್ಲವೂ ಇವೆ. ಹೊರಗಿನ ಮನೆಯನ್ನು ನೋಡಲು ಭಾನುವಾರ ಬೆಳಿಗ್ಗೆ ಹೋಗಬೇಡಿ. ಬುಧವಾರ ಸಂಜೆ ಆರಕ್ಕೆ ಹೋಗಿ, ಅಲ್ಲಿಂದ ಔಷಧಿ ಅಂಗಡಿಗೆ ನಡೆದುಕೊಂಡೇ ಹೋಗಲು ಪ್ರಯತ್ನಿಸಿ. ಕಾಲುದಾರಿ ಇದೆಯೇ, ಬೀದಿ ದೀಪ ಇದೆಯೇ, ಒಬ್ಬರೇ ನಡೆಯಲು ಧೈರ್ಯ ಬರುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಇಂಟರ್ನೆಟ್ ಮತ್ತು ವಿದ್ಯುತ್ತಿನ ಬಗ್ಗೆ ಮನೆ ಮಾಲೀಕರನ್ನು ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು ಕೇಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನೇಮಕಾತಿ ಪತ್ರವನ್ನು ತೆಗೆದು ಓದಿದೆ. ಕೆಲಸದ ಸ್ಥಳವನ್ನು ಸಂಸ್ಥೆ ಯಾವಾಗ ಬೇಕಾದರೂ ಬದಲಿಸಬಹುದು ಎಂಬ ಸಾಲು ಅದರಲ್ಲಿದೆ; ನಾಲ್ಕು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಯವರಿಗೂ ತೋರಿಸಿದೆ. ಸದ್ಯಕ್ಕೆ ಮನೆ ಬದಲಿಸುವ ಮಾತನ್ನು ಕೈಬಿಟ್ಟಿದ್ದೇವೆ.

ಓಟಗಳ ಪಟ್ಟಿ ಬರೆಯುತ್ತಿದ್ದೇನೆ. ಬೆಳಗಿನ ಸೈಕಲ್ ಓಟ ಬಿಟ್ಟು ಮೂರು ವಾರಗಳಲ್ಲಿ 27 ಸಲ ಹೊರಗೆ ಹೋಗಿದ್ದೇನೆ, ಅದರಲ್ಲಿ 19 ಸಲ ಹೋದದ್ದು ಮೂರು ಕಿಲೋಮೀಟರಿನ ಒಳಗೆ. ಕಾರೇ ಬೇಕಾಗಿದ್ದು ಎರಡು ಸಲ, ಎರಡೂ ತಂದೆಯವರ ತಪಾಸಣೆಗೆ. ಬ್ಯಾಟರಿ 12.1 ವೋಲ್ಟ್ ತೋರಿಸಿದ್ದರಿಂದ ಈಗ ಶನಿವಾರ ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಓಡಿಸಿ ಬರುತ್ತೇನೆ. ಅವರು ಅದಕ್ಕಾಗಿ ಶುಕ್ರವಾರ ರಾತ್ರಿಯೇ ಅಂಗಿ ತೆಗೆದಿಡುತ್ತಾರೆ. ನಮ್ಮ ಹತ್ತಿರ ಗ್ರಂಥಾಲಯವಿಲ್ಲ. ಅಕ್ಕನ ಮನೆ ಐದು ಕಿಲೋಮೀಟರ್ ದೂರದಲ್ಲಿದ್ದು, ಹಗಲು ಅಲ್ಲಿ ಯಾರೂ ಇರುವುದಿಲ್ಲ. ಅವರ ಊಟದ ಮೇಜೇ ಈಗ ನನ್ನ ಬೆಳಗಿನ ಕಚೇರಿ. ಹದಿನೇಳು ದಿನಗಳಲ್ಲಿ ತಪ್ಪಿದ್ದು ಎರಡೇ ದಿನ, ಎರಡೂ ಮಳೆಯ ಕಾರಣಕ್ಕೆ. ಕಾರು ಮಾರುವ ವಿಚಾರವನ್ನು ಮೂರು ತಿಂಗಳ ಪಟ್ಟಿ ತುಂಬಿದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.